ಹಿಂದಿನ ಬೆಂಚಿಗೆ ಕೇಳಬೇಕು

ಸತ್ತವರ ಫೋಟೊಗಿಂತ ತನ್ನ ಫೋಟೊ ದೊಡ್ಡದಿರಲಿ ಎಂದು ಆ ಮನುಷ್ಯ ಹೇಳಿ ಕಳಿಸಿದ್ದ. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಗಲ್ಲಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಸಮತಾಗೆ ಇದೇನೂ ಹೊಸದಲ್ಲ. ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಸತ್ತವರು ಮೂಲೆಗೆ ಸರಿದು ಬದುಕಿರುವವರು ಕೈಮುಗಿದು ನಗುವುದನ್ನು ಹತ್ತು ವರ್ಷದಿಂದ ಅವಳೇ ಜೋಡಿಸಿಕೊಡುತ್ತಿದ್ದಾಳೆ. ಆದರೆ ಈ ಸಲ ವಾಟ್ಸಾಪಿನಲ್ಲಿ ಬಂದ ಹೆಸರುಗಳನ್ನು ಓದಿ ಅವಳ ಮೈ ಉರಿದುಹೋಯಿತು. ಸತ್ತವರು ಜಲಜಮ್ಮ ಟೀಚರ್. ಕೈಮುಗಿಯುವವನು ಶಿವಯೋಗಪ್ಪ.

‘ಇಂಗ್ಲಿಷ್ ಬೋಧನೆಯಲ್ಲಿ ಸರಿಸಾಟಿಯಿಲ್ಲದ ನಮ್ಮ ಹೆಮ್ಮೆಯ ಶಿಕ್ಷಕಿ’ ಎಂದು ಬರೆಯಬೇಕಂತೆ. ಥೂ, ಮಾನಗೆಟ್ಟವನು! ಸೊಸೈಟಿ ಎಲೆಕ್ಷನ್ ಹತ್ತಿರ ಬಂದಿತ್ತು, ಟೀಚರ್ ಕೈಯಲ್ಲಿ ಓದಿದವರು ಭದ್ರಾವತಿಯ ಓಣಿ ಓಣಿಯಲ್ಲಿದ್ದರು. ಅವನ ದುಃಖದ ಮೂಲ ಅಷ್ಟೇ.

ಸಮತಾ ಹುಟ್ಟಿದ್ದು ಭದ್ರಾವತಿಯಲ್ಲಿ. ಅಪ್ಪ ಮಂಜಪ್ಪ ಕಾರ್ಖಾನೆಯ ಗುತ್ತಿಗೆ ಕೂಲಿ, ಅಮ್ಮ ದುರ್ಗಮ್ಮ ಕ್ವಾರ್ಟರ್ಸಿನ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದವಳು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಇದ್ದದ್ದು ಸೋಪಿನ ಕಾಗದದ ಮೇಲೆ ಮಾತ್ರ. ಜಲಜಮ್ಮ ಟೀಚರ್ ಕೆಂಪು ಪೆನ್ನು ಮುಟ್ಟುತ್ತಿರಲಿಲ್ಲ. ಬರೆದವರೇ ಎದ್ದು ನಿಂತು, ತಾವು ಬರೆದದ್ದನ್ನು ಇಡೀ ಕ್ಲಾಸಿನೆದುರು ಓದಬೇಕು. ಕಿವಿಗೆ ಕಸಿವಿಸಿಯಾದ ಕಡೆ ತಾವೇ ತಿದ್ದಿಕೊಳ್ಳಬೇಕು. ಸಮತಾ ಅಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಸೆರಗಿನೊಳಗೆ ಗೊಣಗುವವರ ಹಾಗೆ ಓದಿದ್ದಳು.

"ಹಿಂದಿನ ಬೆಂಚಿಗೆ ಕೇಳ್ಲಿಲ್ಲ, ಮಾರಾಯ್ತಿ. ಇನ್ನೊಂದ್ಸಲ."

ಐದನೆಯ ಸಲಕ್ಕೆ ಅವಳ ಗಂಟಲು ಬಿಚ್ಚಿತು, ಆರು ತಪ್ಪು ಅವಳಿಗೇ ಸಿಕ್ಕವು. "ನೋಡು, ನಾನೇನ್ ಮಾಡ್ದೆ? ಸುಮ್ನೆ ಕೂತಿದ್ದೆ," ಎಂದು ಟೀಚರ್ ನಕ್ಕಿದ್ದರು.

ಎಸ್ಸೆಸ್ಸೆಲ್ಸಿ ವರ್ಷ ಶಾಲೆಯ ಕಾರ್ಯದರ್ಶಿಯಾಗಿದ್ದ ಶಿವಯೋಗಪ್ಪನಿಗೆ ನೂರಕ್ಕೆ ನೂರು ಫಲಿತಾಂಶದ ಹುಚ್ಚು ಹಿಡಿಯಿತು. ದಡ್ಡರೆಂದು ಹನ್ನೊಂದು ಮಕ್ಕಳ ಪಟ್ಟಿ ಮಾಡಿ, ಇವರು ಪರೀಕ್ಷೆಗೆ ಕೂರುವುದು ಬೇಡ ಎಂದ. ಹನ್ನೊಂದೂ ಕೂಲಿಯವರ ಮಕ್ಕಳು, ಅದರಲ್ಲಿ ಸಮತಾ ಒಬ್ಬಳು. ಟೀಚರ್ ಆ ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಹನ್ನೊಂದು ಅರ್ಜಿಯನ್ನೂ ತಾವೇ ತುಂಬಿ ಕಳಿಸಿದರು. ಎಂಟು ಜನ ಪಾಸಾದರು. ಸಮತಾಗೆ ಇಂಗ್ಲಿಷಿನಲ್ಲಿ ನಲವತ್ತೊಂದು. ಮೂವರು ಫೇಲಾದರು. ಆ ಮೂವರ ನೆಪದಲ್ಲಿ ಶಿವಯೋಗಪ್ಪ ಟೀಚರ್‌ಗೆ ಕ್ಲಾಸು ಕೊಡದೆ ಒಂದು ತಿಂಗಳು ಮುರುಕು ಬೆಂಚುಗಳ ಕೋಣೆಯಲ್ಲಿ ಕೂರಿಸಿ, ಆಮೇಲೆ ಕೆಲಸದಿಂದ ತೆಗೆದ ಪತ್ರ ಕೊಟ್ಟು ಮನೆಗೆ ಕಳಿಸಿದ.

ಟೀಚರ್ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿ ಟ್ಯೂಷನ್ ಹೇಳಿಕೊಂಡು ಬದುಕಿದರು. ಭಾನುವಾರ ಸಮತಾ ಹೋದಾಗ ಆ ಮಾತು ತೆಗೆದರೆ, "ಬಿಡೇ ಅದನ್ನ," ಎನ್ನುತ್ತಿದ್ದರು. ಸಮತಾ ಬಿಟ್ಟಿರಲಿಲ್ಲ. ಹದಿನೈದು ವರ್ಷ ಹಲ್ಲು ಕಚ್ಚಿ ಕಾದಿದ್ದಳು.

ಫ್ಲೆಕ್ಸಿಗೆ ಟೀಚರ್ ಫೋಟೊ ಬೇಕೆಂದು ಗೋಪಾಳಕ್ಕೆ ಹೋದಾಗ, ಮಗಳು ಸಂಧ್ಯಾ ಅಮ್ಮನ ಹಳೆಯ ಫೈಲು ಮುಂದಿಟ್ಟಳು. ಫೋಟೊದ ಕೆಳಗೇ ಶಿವಯೋಗಪ್ಪನ ಸೈನಿದ್ದ ಆ ಪತ್ರವಿತ್ತು. ಸಮತಾ ನಿಂತಲ್ಲೇ ಓದಿ ಮುಗಿಸಿದಳು.

"ಇದನ್ನೇ ಪ್ರಿಂಟ್ ಹೊಡಿತೀನಿ."

"ಅಮ್ಮ ಇದ್ದಿದ್ರೆ ಬೇಡ ಅಂತಿದ್ರು ಕಣೇ."

"ಅವ್ರು ಬೇಡ ಅಂದಿದ್ದಕ್ಕೇ ಅವ್ನು ಇಷ್ಟು ವರ್ಷ ಆರಾಮಾಗಿದ್ದ."

ಸಂಧ್ಯಾ ಪತ್ರದ ಮಡಿಕೆಗಳನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದಳು. ಆಮೇಲೆ, "ಸೈನು ಚೆನ್ನಾಗಿ ಕಾಣ್ಲಿ," ಎಂದಳು.

ಭಾನುವಾರ ಬೆಳಿಗ್ಗೆ ಭದ್ರಾವತಿಯ ಸಮುದಾಯ ಭವನ ತುಂಬಿತ್ತು. ಶ್ರದ್ಧಾಂಜಲಿ ಸಭೆಗೆ ಹತ್ತು ನಿಮಿಷವಿರುವಾಗ ಸಮತಾ ಫ್ಲೆಕ್ಸ್ ತಂದಳು. ಕಟ್ಟಲು ಏಣಿ ಹತ್ತಿದ್ದು ಭೀಮೇಶ್, ಅಂದು ಫೇಲಾದ ಮೂವರಲ್ಲೊಬ್ಬ, ಈಗ ಶಂಕರಘಟ್ಟದ ಬಸ್ಸಿನ ಡ್ರೈವರ್. ಅದರ ಮೇಲಿದ್ದದ್ದನ್ನು ಓದಿದವನೇ, ಒಂದು ಗಂಟು ಹಾಕುವಲ್ಲಿ ಮೂರು ಹಾಕಿದ.

ಶಿವಯೋಗಪ್ಪ ತಡವಾಗಿಯೇ ಬಂದ. ಜನರತ್ತ ಕೈ ಬೀಸುತ್ತ ನೆಟ್ಟಗೆ ಮೈಕಿಗೆ ನಡೆದ. ತನ್ನ ಫೋಟೊ ಬೆನ್ನ ಹಿಂದಿರುತ್ತದೆ ಎಂಬ ಖಾತ್ರಿ ಇರುವವನು ತಿರುಗಿ ಯಾಕೆ ನೋಡುತ್ತಾನೆ?

"ಜಲಜಮ್ಮನವರಂಥ ಟೀಚರ್ ಇನ್ನು ಹುಟ್ಟಲ್ಲ. ಅವರನ್ನ ನಾನು ಅಕ್ಕನ ಹಾಗೆ ನೋಡ್ಕೊಂಡಿದ್ದೆ..."

ಅವನ ತಲೆಯ ಮೇಲೆ, ಗೇಣುದ್ದದ ಅಕ್ಷರದಲ್ಲಿ, ಅವನದೇ ಪತ್ರ ಹರಡಿತ್ತು. ಜನ ಅವನನ್ನು ನೋಡಲಿಲ್ಲ, ಓದುತ್ತಿದ್ದರು. ಯಾರೋ ಕಿಸಕ್ಕನೆ ನಕ್ಕರು.

ಸಮತಾ ಮುಂದಿನ ಸಾಲಿನಿಂದ ಎದ್ದಳು. "ಸಾರ್, ಸ್ವಲ್ಪ ಹಿಂದೆ ನೋಡಿ."

ನೋಡಿದ. "ಯಾವನ್ ಕಟ್ಟಿದ್ದು ಇದನ್ನ? ಬಿಚ್ರೋ!"

ಒಬ್ಬರೂ ಏಳಲಿಲ್ಲ.

"ಪ್ರಿಂಟ್ ಹೊಡ್ದಿದ್ದು ನಾನು ಸಾರ್, ನಿಮ್ಮ ಹನ್ನೊಂದು ದಡ್ಡರಲ್ಲಿ ಒಬ್ಳು. ಟೀಚರ್ ಕ್ಲಾಸಲ್ಲಿ ಬರ್ದಿದ್ದನ್ನ ಬರ್ದವ್ರೇ ಓದ್ಬೇಕಿತ್ತು. ನೀವು ಬರ್ದಿದ್ದು, ನೀವೇ ಓದಿ."

"ಅದು ಆವತ್ತಿನ ಪರಿಸ್ಥಿತಿ..."

"ಓದಿ ಸಾರ್!" ಎಂದ ಭೀಮೇಶ್. "ಓದಿ, ಓದಿ," ಎಂದಿತು ಇಡೀ ಭವನ. ಅಲ್ಲಿದ್ದವರೆಲ್ಲ ಒಂದಲ್ಲ ಒಂದು ದಿನ ಆ ಕ್ಲಾಸಿನಲ್ಲಿ ಎದ್ದು ನಿಂತು ನಡುಗಿದವರು. ಅವರಲ್ಲಿ ಒಬ್ಬೊಬ್ಬರೂ ಒಂದೊಂದು ಓಟು. ಶಿವಯೋಗಪ್ಪ ಬಾಗಿಲ ಕಡೆ ನೋಡಿ, ಜನರ ಕಡೆ ನೋಡಿ, ಕನ್ನಡಕ ಏರಿಸಿದ. ಮೈಕನ್ನು ದೂರ ಸರಿಸಿ ತುಟಿಯಲ್ಲೇ ಗೊಣಗಿದ: "ದಡ್ಡ ಮಕ್ಕಳನ್ನು ಪರೀಕ್ಷೆಗೆ ಕೂರಿಸಿ ಶಾಲೆಯ ಹೆಸರು ಕೆಡಿಸಿದ ತಾವು... ಇಂಗ್ಲಿಷ್ ಬೋಧಿಸಲು... ಅನರ್ಹರೆಂದು..."

ಸಮತಾ ಬಾಯಿ ತೆರೆದಳು. ಅವಳಿಗಿಂತ ಮೊದಲು ಕೊನೆಯ ಸಾಲಿನಲ್ಲಿ ಸಂಧ್ಯಾ ಎದ್ದಿದ್ದಳು. ಥೇಟು ತಾಯಿಯದೇ ದನಿ.

"ಹಿಂದಿನ ಬೆಂಚಿಗೆ ಕೇಳ್ಲಿಲ್ಲ. ಇನ್ನೊಂದ್ಸಲ."