ಗುಲಾಬಿ ಅಂಚಿನ ಕಾಗದ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ಹೇಳುವವರು ಒಂದು ಮಧ್ಯಾಹ್ನ ನಮ್ಮ ಗೋದಾಮಿನಲ್ಲಿ ಕುಳಿತು ನೋಡಬೇಕು. ತೊಂಬತ್ತರ ದಶಕದ ಮೊದಲಲ್ಲಿ ನಾನು ಬ್ಯಾಡಗಿ ಊರಿನ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮನೆಯಲ್ಲಿ ಅವ್ವ, ಕಾಲೇಜು ಓದುವ ತಮ್ಮ, ದುಡಿಯುವವಳು ನಾನೊಬ್ಬಳೇ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆ ಕಚೇರಿಗೆ ಬಂದ ಮೊದಲ ಹೆಂಗಸಾದ್ದರಿಂದ ಟೈಪಿನ ಜೊತೆಗೆ ಪರದೆ ಬಟ್ಟೆ, ಚಹಾ ಕಪ್ಪು, ಕಸಬರಿಗೆ ಎಲ್ಲವನ್ನೂ ನನ್ನ ತಲೆಗೇ ಕಟ್ಟಿದ್ದರು.

ಆಗಷ್ಟೇ ಸಾವುಕಾರರು ಎರಡಂತಸ್ತಿನ ಹೊಸ ಕಟ್ಟಡ ಕಟ್ಟಿಸಿದ್ದರು. ಬಣ್ಣ ತೆಗೆಯಲು ಮೆಣಸಿನಕಾಯಿ ಕೊಳ್ಳುವ ಪರದೇಶದ ಗಿರಾಕಿಗಳು ಬರುವವರಿದ್ದರು. ಅವರಿಗಾಗಿ ಮಹಡಿಯ ಮೇಲೆ ಬಿಳಿ ಟೈಲ್ಸಿನ ಬಚ್ಚಲು, ಕುರ್ಚಿಯ ಹಾಗೆ ಕೂರುವ ಕಕ್ಕಸು.

"ಬಾಯಾರ, ಅವರು ನೀರು ಬಳಸಂಗಿಲ್ಲಂತ. ಕಾಗದಾನ ಬೇಕಂತ. ಕೈಗೊಂದು, ಅದಕ್ಕೊಂದು. ಚೊಲೋದು ನೋಡಿ ತರಸ್ರಿ," ಎಂದರು ಸಾವುಕಾರರು, ನನ್ನ ಮುಖ ಬಿಟ್ಟು ಕಿಟಕಿ ನೋಡುತ್ತ.

ಹಾವೇರಿಯ ಅಂಗಡಿಗಳಲ್ಲಿ ಕೇಳಿದೆ. ಒಬ್ಬ ಟೈಪಿನ ಕಾಗದ ತೋರಿಸಿದ, ಇನ್ನೊಬ್ಬ ಗಾಳಿಪಟದ ಕಾಗದ. ಮೂರನೆಯವನಿಗೆ ನಾಚಿಕೆ ಬಿಟ್ಟು ಬಿಡಿಸಿ ಹೇಳಿದರೆ, "ಯಾಕವ್ವ, ನಿಮ್ಮಲ್ಲಿ ನೀರಿಂದು ಭಾಳ ತ್ರಾಸ ಐತೇನು?" ಎಂದು ಕನಿಕರಪಟ್ಟ. ಅವ್ವನಂತೂ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು. ಮೆಣಸಿನಕಾಯಿ ತೊಟ್ಟು ಮುರಿಯೋ ಹೆಣ್ಮಕ್ಕಳಿಗೆ ಅಂಗಳದಾಗ ಒಂದು ನಳಾ ಇಲ್ಲ," ಎಂದಳು. ಮಾತು ಖರೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಕೊನೆಗೆ ದಾರಿ ತೋರಿದವರು ರಾಣೆಬೆನ್ನೂರಿನ ಒಬ್ಬ ಕಾಗದದ ವ್ಯಾಪಾರಿ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮುಂದೆ ಅಂಗಡಿ, ಹಿಂದೆ ಮನೆ. ನಾನು ಹೇಳಿದ್ದನ್ನು ಅವರು ನಗದೆ ಕೇಳಿಸಿಕೊಂಡರು. ಅದೊಂದಕ್ಕೇ ನಾನು ಅವರಿಗೆ ಋಣಿಯಾಗಬೇಕಿತ್ತು.

ಹುಬ್ಬಳ್ಳಿಯಿಂದ ಅವರು ನಮೂನೆಗಳನ್ನು ತರಿಸಿದರು. ಅಂಗಡಿಯ ಹಲಗೆಯ ಮೇಲೆ ನೀರಿನ ಗ್ಲಾಸು ಇಟ್ಟುಕೊಂಡು ಇಬ್ಬರೂ ಒಂದೊಂದನ್ನೇ ಅದ್ದಿ ನೋಡಿದೆವು. ಸುರುಳಿ ಕಾಗದ ನೀರಿನಲ್ಲಿ ಕರಗಬೇಕು, ಇಲ್ಲದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಕೈ ಒರೆಸುವುದು ಕರಗಬಾರದು, ಕರಗಿದರೆ ಬೆರಳಿಗೆ ಹಿಟ್ಟು ಮೆತ್ತಿದಂತೆ ಅಂಟುತ್ತದೆ. ಅವರ ಹೆಂಡತಿ ಚಾಚಿಯೂ ಮಗಳೂ ಒಳಗಿನಿಂದ ಬಂದು ಕೆನ್ನೆಗೆ ಒತ್ತಿಕೊಂಡು ತೀರ್ಪು ಕೊಟ್ಟರು. ಒಂದು ಒರಟು ಸುರುಳಿಯನ್ನು ಮುಟ್ಟಿ ಚಾಚಿ, "ಇದನ್ನ ವೈರಿಗೂ ಕೊಡಬಾರದ್ರಿ," ಎಂದರು. ಮಗಳ ಮದುವೆ ನಿಶ್ಚಯವಾಗಿತ್ತು. ಊಟದ ನಂತರ ನೆಂಟರ ಕೈಗೆ ಕೊಡಲು ಅವಳು ಗುಲಾಬಿ ಅಂಚಿನ ಮೆತ್ತನೆಯ ಕಾಗದ ತರಿಸಿಟ್ಟಿದ್ದಳು. ಅಂಥ ಶೋಕಿ ಅವರ ಓಣಿಯಲ್ಲಿ ಅದೇ ಮೊದಲು. ಡಬ್ಬಿ ತೆರೆದು ನನಗೂ ತೋರಿಸಿ, ಮತ್ತೆ ಮುಚ್ಚಿ ಒಳಗೊಯ್ದಳು.

ಆರಿಸಿದ ಮಾಲು ಬ್ಯಾಡಗಿಗೆ ಬಂತು. ಇಡುವುದೆಲ್ಲಿ? ಹೊಸ ಕಟ್ಟಡದ ಗೋಡೆ ಇನ್ನೂ ಹಸಿ. ಹಳೆಯ ಕಚೇರಿಯಲ್ಲಿ ಇಲಿಗಳದೇ ರಾಜ್ಯ. ಇಲಿಯಾಗಲಿ, ತೇವವಾಗಲಿ ಸುಳಿಯದ ಜಾಗವೆಂದರೆ ಮೆಣಸಿನಕಾಯಿ ಗೋದಾಮು. ಸಾವುಕಾರರು, ಹಮಾಲರು, ನಾನು ಎಲ್ಲರೂ ತಲೆದೂಗಿ, ಡಬ್ಬಿ ಬಿಚ್ಚಿ ನೋಡಿ, ಚೀಲಗಳ ನಡುವೆ ಇರಿಸಿದೆವು. ದಿನವೂ ಆ ಘಾಟಿನಲ್ಲೇ ಉಸಿರಾಡುವ ನಮಗೆ ಅದು ಘಾಟು ಎಂಬುದೇ ಮರೆತುಹೋಗಿತ್ತು.

ಗಿರಾಕಿಗಳು ಬರುವ ಹಿಂದಿನ ದಿನ ಸಾವುಕಾರರು ತಯಾರಿ ನೋಡಲು ಮಹಡಿ ಹತ್ತಿದರು. ಮುಖ ತೊಳೆದು, ಗೋದಾಮಿನಿಂದ ತರಿಸಿಟ್ಟಿದ್ದ ಒಂದು ಕಾಗದವನ್ನು ಠೀವಿಯಿಂದ ಎಳೆದು ಒರೆಸಿಕೊಂಡರು. ಮರುಗಳಿಗೆ ಅವರ ಕೂಗು ಬೀದಿಗೆ ಕೇಳಿಸಿತು. ಯಾರೋ ಮೊಸರು ತಂದರು. ಮುಖಕ್ಕೆಲ್ಲ ಮೊಸರು ಬಳಿದುಕೊಂಡೇ ಅವರು ನನ್ನತ್ತ ತಿರುಗಿದರು.

"ಬಾಯಾರ, ನಾ ಬರೇ ಮಾರಿ ಒರಸ್ಕೊಂಡೇನಿ. ಅವರು ಏನೇನ ಒರಸ್ಕೋತಾರ, ಗೊತ್ತೈತೇನ್ರಿ ನಿಮಗ?"

ಹಮಾಲರು ಬೆನ್ನು ತಿರುಗಿಸಿ ನಕ್ಕರು. ಮುಂದಿನ ಮಾತು ಕೇಳಿ ನನಗೆ ನಗು ಬರಲಿಲ್ಲ. "ನಾಳೆ ಅವರು ಬರೂದ್ರಾಗ ಬ್ಯಾರೇದು ಇರಬೇಕು. ಇಲ್ಲಾಂದ್ರ ನೀವೂ ನಾಳಿಂದ ಬರಬ್ಯಾಡ್ರಿ."

ಸಿಕ್ಕ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೊರಟೆ. ತಾವೂ ತಲೆದೂಗಿದ್ದನ್ನು ಮರೆತ ಸಾವುಕಾರರನ್ನು ಮನಸ್ಸಿನಲ್ಲೇ ಬೈದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಬೈಗುಳ ತೀರಿ ಅಳು ಬಂತು. ಈ ನೌಕರಿ ಹೋದರೆ ತಮ್ಮನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಚಾಚಾನ ಮನೆಗೆ ಸುಣ್ಣ ಬಳಿದಿತ್ತು, ಒಳಗೆ ಹೆಂಗಸರ ಗದ್ದಲ. ಮದುವೆಗೆ ಎರಡೇ ದಿನ. ನನ್ನ ಕಥೆ ಕೇಳಿ ಅವರು, "ಸುರಳಿ ನಮೂನಿಗಂತ ತರಿಸಿದ್ದು ಉಳದಾವ, ಒಯ್ರಿ. ಕೈ ಒರಸೂದು ಮಾತ್ರ ಒಂದೂ ಇಲ್ಲ್ರಿ ಬಾಯಾರ," ಎಂದರು. ದೇವರಾಣೆ, ನಾನು ಆ ಗುಲಾಬಿ ಅಂಚಿನ ಕಾಗದದ ಡಬ್ಬಿಯ ಸುದ್ದಿ ಎತ್ತಲಿಲ್ಲ. ಆದರೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮಗಳು ಹೊರಗೆ ಬಂದಳು. ಎರಡೂ ಅಂಗೈಯಲ್ಲಿ ಹಸಿ ಮೆಹೆಂದಿ, ಏನನ್ನೂ ಮುಟ್ಟುವಂತಿರಲಿಲ್ಲ.

"ಅಮ್ಮೀ, ಆ ಡಬ್ಬಿ ತಂದು ಕೊಡು."

"ಬ್ಯಾಡವಾ, ಅವು ನಿನ್ನ ಮದಿವೀವು," ಎಂದೆ.

"ಕಾಗದ ಇಲ್ಲಂತ ನನ್ನ ಮದಿವಿ ನಿಲ್ಲಂಗಿಲ್ಲ್ರಿ ಅಕ್ಕಾರ. ಇವಿಲ್ಲಂದ್ರ ನಿಮ್ಮ ನೌಕರಿ ಹೊಕ್ಕೈತಿ."

ಚಾಚಿ ಡಬ್ಬಿ ತಂದು ನನ್ನ ಮಡಿಲಿಗೆ ಹಾಕಿದರು. ಚಾಚಾ ದುಡ್ಡಿನ ಮಾತೇ ಆಡಗೊಡಲಿಲ್ಲ.

ಮರುದಿನ ಪರದೇಶದವರು ಬಂದರು. ಮೆಣಸಿನಕಾಯಿ ರಾಶಿ ನೋಡಿ ಸೀನಿದರು, ಗುಲಾಬಿ ಅಂಚಿನ ಕಾಗದದಲ್ಲಿ ಮೂಗು, ಕೈ ಒರೆಸಿಕೊಂಡರು. ಅವರಲ್ಲಿದ್ದ ಒಬ್ಬಾಕೆ ಅದು ಚೆಂದವಿದೆಯೆಂದು ಒಂದನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ವ್ಯಾಪಾರ ಕುದುರಿತು. ಸಂಜೆ ಸಾವುಕಾರರು, ಇನ್ನೂ ಕೆಂಪಾಗಿದ್ದ ಮುಖದಲ್ಲೇ, ನನ್ನ ನೌಕರಿ ಕಾಯಂ ಆಯಿತು ಎಂದರು.

ಮದುವೆಗೆ ನಾನೂ ಅವ್ವನೂ ಹೋದೆವು. ಊಟ ಮುಗಿಸಿ ಎದ್ದ ಹೆಂಗಸರಿಗೆ ಚಾಚಿಯೇ ತಂಬಿಗೆ ಹಿಡಿದು ಕೈಗೆ ನೀರು ಹಾಕುತ್ತಿದ್ದರು. ಹೆಗಲ ಮೇಲೆ ಒಂದು ಟವೆಲು. ಅಷ್ಟೊಂದು ಕೈಗಳಿಗೆ ಅದೊಂದೇ. ಆಗಲೇ ತೊಯ್ದು ಹೋಗಿತ್ತು. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಒದ್ದೆ ಕೈ ಮುಂದೆ ಮಾಡಿ ನಿಂತು, "ಏನೋ ಗುಲಾಬಿ ಕಾಗದಾ ಕೊಡ್ತಾರಂತ ಹೇಳಿದ್ರಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಕೊಂಕು ನುಡಿದರು. ಇನ್ನೂ ಊಟಕ್ಕೆ ಕುಳಿತಿದ್ದ ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ.

ಚಾಚಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತರಿಸಿದ್ದಿವ್ರಿ," ಎಂದರು, ನೀರು ಹಾಕುತ್ತಲೇ. "ನಮ್ಮ ಹಿರೇಮಗಳಿಗೆ ತುರ್ತು ಬೇಕಾಗಿದ್ದುವು, ಕೊಟ್ಟಿವಿ."

ಅವರಿಗೆ ಇದ್ದವಳು ಒಬ್ಬಳೇ ಮಗಳು. ನಾನು ಊಟ ಬಿಟ್ಟು ಎದ್ದು, ಕೈ ತೊಳೆದು, ಚಾಚಿಯ ಕೈಯಿಂದ ತಂಬಿಗೆ ಇಸಿದುಕೊಂಡೆ.