ಮುದುಕಪ್ಪನ ಪೇಟ

ಸತ್ತ ಕೋತಿಯ ತಲೆಗೆ ನಾನು ಜರಿಪೇಟ ಕಟ್ಟಿದ್ದು ಭಕ್ತಿಯಿಂದಲ್ಲ — ಹೊಲಿಗೆ ಮುಚ್ಚಲು. ಹತ್ತು ವರ್ಷದಿಂದ ಈ ಮಾತನ್ನು ನುಂಗಿಕೊಂಡು ಓಡಾಡಿದ್ದೇನೆ. ಈಗ ನಮ್ಮ ಸುತ್ತಮುತ್ತಲ ಊರುಗಳಲ್ಲಿ ಕೋತಿ ಸತ್ತರೆ ಪೇಟ ಕಟ್ಟದೆ ಮಣ್ಣು ಮಾಡುವುದಿಲ್ಲ. ಕೇಳಿದರೆ ತಾತನ ಕಾಲದಿಂದ ಬಂದ ಪದ್ಧತಿ ಅನ್ನುತ್ತಾರೆ. ತಾತನ ಕಾಲವಂತೆ — ಆ ತಾತ ನಾನೇ, ಕಾರ್ಖಾನೆಯಲ್ಲಿ ಬೋಲ್ಟು ತಿರುಗಿಸುವ ಫಿಟ್ಟರ್ ನಂಜುಂಡ!

ಮುದುಕಪ್ಪ ನಮ್ಮೂರು ಹೂಡಿಯ ಕೆರೆ ಏರಿ ಮೇಲಿದ್ದ ಕೋತಿ ಹಿಂಡಿನ ಯಜಮಾನ. ಹೆಸರಿಟ್ಟವರು ನನ್ನ ದೊಡ್ಡಪ್ಪ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅವರೇ. ಹಿಂಡು ರೈಲು ಹಳಿ ದಾಟುವುದನ್ನು ನೋಡಬೇಕಿತ್ತು. ಎಲ್ಲ ಹಿಂದೆ ನಿಲ್ಲುತ್ತಿದ್ದವು. ಮುದುಕಪ್ಪ ಹಳಿಯ ಪಕ್ಕ ಕೂತು ಆ ಕಡೆ ನೋಡುವನು, ಈ ಕಡೆ ನೋಡುವನು, ಮರಿ ಹೊತ್ತ ತಾಯಂದಿರನ್ನೊಮ್ಮೆ ತಿರುಗಿ ನೋಡುವನು. ಅವನು ಎದ್ದರೆ ಮಾತ್ರ ಮಿಕ್ಕವು ಏಳುವುದು. ಎರಡು ಕೋತಿಗಳು ಜಗಳಕ್ಕೆ ಬಿದ್ದರೆ ಇವನು ಕಚ್ಚುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ನಡುವೆ ಹೋಗಿ ಕೂತು ಹೊಟ್ಟೆ ಕೆರೆದುಕೊಳ್ಳುವನು. ಅಲ್ಲಿಗೆ ಜಗಳ ಬರಖಾಸ್ತು. ನಮ್ಮ ಪಂಚಾಯಿತಿಯವರಿಗೆ ಇವತ್ತಿಗೂ ಬಾರದ ವಿದ್ಯೆ ಅದು.

ಅವನನ್ನು ನೋಡಲೆಂದೇ ಭಾನುವಾರಗಳಂದು ಸಿಟಿಯಿಂದ ಸರೋಜಾ ಮೇಡಂ ಬಸ್ಸಿನಲ್ಲಿ ಬರುತ್ತಿದ್ದರು. ಮಿದುಳಿನ ಬಗ್ಗೆ ಸಂಶೋಧನೆ ಮಾಡುವವರು. ರಜೆಯ ದಿನ ಅವರ ದುರ್ಬೀನು ಹೊತ್ತು ತಿರುಗುವುದೇ ನನಗೊಂದು ಹಬ್ಬ.

"ನಂಜುಂಡ, ಬರೀ ಹಣ್ಣು ಹುಡುಕೋದಕ್ಕೆ ಇಷ್ಟು ದೊಡ್ಡ ಮಿದುಳು ಬೇಕಿಲ್ಲಪ್ಪ," ಅನ್ನುತ್ತಿದ್ದರು. "ಯಾರು ಯಾರ ಪಕ್ಕ ಕೂತ್ರು, ಯಾರಿಗೆ ಯಾರ ಮೇಲೆ ಮುನಿಸು, ನಾನೀಗ ಯಾರ ಹಿಂದೆ ಹೋಗ್ಲಿ — ಇದನ್ನೆಲ್ಲ ನೆನಪಿಟ್ಕೊಂಡು ತೀರ್ಮಾನ ಮಾಡ್ಬೇಕಲ್ಲ, ಅದಕ್ಕೆ ಬೇಕು. ಒಬ್ಬರು ಮಾಡಿದ್ದು ನೋಡಿ ಇನ್ನೊಬ್ಬರು ಮಾಡ್ತಾರೆ. ನಾವೂ ಅಷ್ಟೇ."

ಮುದುಕಪ್ಪ ಮೇವು ಬಿಟ್ಟು ಮೂಲೆ ಹಿಡಿದಾಗ ಮೇಡಂ ಒಂದು ಮಾತು ಕೇಳಿದರು. ಅವನು ಸತ್ತ ಮೇಲೆ ಅವನ ಮಿದುಳು ಸಿಕ್ಕೀತೇ? ದೊಡ್ಡಪ್ಪನವರನ್ನು ಕೇಳಿ ನೋಡು, ಅವರು ಬೇಡ ಅಂದರೆ ಬೇಡ ಎಂದರು. ನಾನು ಕೇಳಿದೆ. ದೊಡ್ಡಪ್ಪ ರಾಗಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು.

"ಆಂಜನೇಯನ ತಲೆಗೆ ಕತ್ತಿ ಇಕ್ತಾರೇನ್ಲಾ? ಇಡಿಯಾಗಿ ಬಂದೋನು ಇಡಿಯಾಗೇ ಓಗ್ಲಿ."

ಮೇಡಂಗೆ ನಾನು ಹೇಳಿದ್ದು — ದೊಡ್ಡಪ್ಪ ಒಪ್ಪಿದ್ದಾರೆ ಎಂದು. ಆ ಸುಳ್ಳು ಪೂರ್ತಿ ನನ್ನದು. ಅವರ ತಪ್ಪು ಎಳ್ಳಷ್ಟೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೊಂಗೆ ಮರದ ಬುಡದಲ್ಲಿ ಮುದುಕಪ್ಪ ಸತ್ತು ಬಿದ್ದಿದ್ದ. ದೊಡ್ಡಪ್ಪ ಅವನನ್ನು ಮಗುವಿನಂತೆ ಎತ್ತಿ ತಂದು ನಮ್ಮ ಕೊಟ್ಟಿಗೆಯಲ್ಲಿ ಮಲಗಿಸಿದರು. ತಮಟೆಯವರನ್ನೂ ಹೂವನ್ನೂ ತರಲು ಪಕ್ಕದೂರು ಕಾಡುಗೋಡಿಗೆ ಹೊರಟು, ಬಾಗಿಲಲ್ಲಿ ತಿರುಗಿ ನಿಂತು, "ಯಾರೂ ಮುಟ್ಟದಂಗೆ ನೋಡ್ಕೊ," ಅಂದರು.

"ಯಾರೂ ಮುಟ್ಟಲ್ಲ ದೊಡ್ಡಪ್ಪ. ನಾನಿದ್ದೀನಲ್ಲ."



ಮೇಡಂ ಬಸ್ಸಿಳಿದು ಬಂದರು. ಕೊಯ್ಯುವ ಸಾಮಾನು ಅವರ ಚೀಲದಲ್ಲೇ ಇತ್ತು. ತಲೆ ಹಿಡಿದುಕೊಂಡವನು ನಾನು. ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ. ದೊಡ್ಡ ನಿಂಬೆಹಣ್ಣಿನಷ್ಟಿತ್ತು ಮಿದುಳು. ಇಷ್ಟರಲ್ಲೇ ಹಳಿ, ರೈಲು, ತಾಯಂದಿರು, ಮುನಿಸು, ರಾಜಿ ಎಲ್ಲ ಹಿಡಿಸಿತ್ತಲ್ಲ ಎಂದು ನನಗೆ ಖುಷಿಯೇ ಖುಷಿ. ಮೇಡಂ ಅದನ್ನು ಬಾಟಲಿಗಿಳಿಸಿ, ಅಚ್ಚುಕಟ್ಟಾಗಿ ಹೊಲಿದು, ದೊಡ್ಡಪ್ಪನವರಿಗೆ ನಮಸ್ಕಾರ ತಿಳಿಸಲು ಹೇಳಿ ಹೊರಟುಹೋದರು.

ಆಮೇಲೆ ನೋಡುತ್ತೇನೆ — ನೆತ್ತಿಯ ಮೇಲೆ ಹೊಲಿಗೆ ಎದ್ದು ಕಾಣುತ್ತಿದೆ. ಅರಿಶಿನ ಬಳಿದೆ, ವಿಭೂತಿ ಬಳಿದೆ, ಇನ್ನೂ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ತಮಟೆ ಸದ್ದು. ಮನೆಯೊಳಗೆ ಓಡಿದೆ. ಗೂಟದಲ್ಲಿ ದೊಡ್ಡಪ್ಪನ ಮದುವೆಯ ಜರಿಪೇಟ ನೇತಾಡುತ್ತಿತ್ತು. ಹರಿದು ಅರ್ಧ ಮಾಡಿ, ಮುದುಕಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಹುಬ್ಬಿನವರೆಗೆ ಸುತ್ತಿಬಿಟ್ಟೆ.

ದೊಡ್ಡಪ್ಪ ಒಳಗೆ ಬಂದು ನಿಂತರು. ಪೇಟ ನೋಡಿದರು, ನನ್ನನ್ನು ನೋಡಿದರು. ಇವತ್ತು ನನ್ನ ಚರ್ಮ ಸುಲಿಯುತ್ತಾರೆ ಅಂದುಕೊಂಡೆ. ಅವರ ಕಣ್ಣು ತುಂಬಿತು.

"ನಂಗೇ ಒಳೀಲಿಲ್ಲ ಕಣ್ಲಾ ಇದು," ಅಂದು ನನ್ನನ್ನು ತಬ್ಬಿಕೊಂಡರು.

ಅವತ್ತಿನ ಮೆರವಣಿಗೆ! ಟ್ರಾಕ್ಟರ್ ಮೇಲೆ ಪೇಟ ತೊಟ್ಟು ಕೂತ ಮುದುಕಪ್ಪ ನಿಜಕ್ಕೂ ಪಟೇಲನೇ. ಹೆಂಗಸರು ಆರತಿ ಎತ್ತಿದರು, ತಮಟೆಗೆ ಮುದುಕರೂ ಹೆಜ್ಜೆ ಹಾಕಿದರು. ಕೆರೆ ಏರಿ ಮೇಲೆ ಅವನನ್ನು ಮಣ್ಣು ಮಾಡಿದ ಮೇಲೆ ದೊಡ್ಡಪ್ಪ ಸಾವಿನ ಶಾಸ್ತ್ರಕ್ಕೆಂದು ಊರಿಗೇ ಹೆಸರಾದ ತಮ್ಮ ಮೀಸೆ ಬೋಳಿಸಿಕೊಂಡು ಮನೆಗೆ ಬಂದರೆ, ದೊಡ್ಡಮ್ಮ ಸೆರಗೆಳೆದುಕೊಂಡು, "ಯಾರು ಬೇಕಾಗಿತ್ತಣ್ಣ?" ಅಂದಳು. ನಕ್ಕೂ ನಕ್ಕೂ ಸಾಕಾಯಿತು. ನಾನೂ ನಕ್ಕೆ. ನಗುವ ಯೋಗ್ಯತೆ ನನಗಿರಲಿಲ್ಲ.

ಮುಂದಿನ ವರ್ಷ ಕಾಡುಗೋಡಿಯಲ್ಲೊಂದು ಕೋತಿ ಸತ್ತಾಗ ಅವರೂ ಪೇಟ ಕಟ್ಟಿದರು. ಅವರನ್ನು ನೋಡಿ ಇನ್ನೊಂದೂರು. ಬಲಕ್ಕೆ ಸುತ್ತಬೇಕೋ ಎಡಕ್ಕೋ ಎಂದು ನನ್ನನ್ನೇ ಕೇಳಲು ಬಂದರು, ಬಲಕ್ಕೆ ಎಂದು ಗಂಭೀರವಾಗಿ ಹೇಳಿ ಕಳಿಸಿದೆ! ಈ ಸುದ್ದಿ ಕೇಳಿ ಮೇಡಂ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ನನಗೊಂದು ಗಾಜಿನ ಚೂರು ಕೊಟ್ಟರು. ಅದರ ಮೇಲೆ ಎಲೆಗಿಂತ ತೆಳ್ಳಗೆ, ನೇರಳೆ ಬಣ್ಣದಲ್ಲಿ ಮುದುಕಪ್ಪನ ಮಿದುಳಿನ ಒಂದು ಸೀಳು. "ರಾಜಿ ಮಾಡೋ ಬುದ್ಧಿ ಇದರಲ್ಲಿ ಎಲ್ಲಿತ್ತು ಅಂತ ನಂಗಿನ್ನೂ ಪೂರ್ತಿ ಗೊತ್ತಾಗಿಲ್ಲ ನಂಜುಂಡ," ಅಂದರು. ಅದು ನನ್ನ ಟ್ರಂಕಿನಲ್ಲಿದೆ.

ಹೋದ ವಾರ ಮತ್ತೊಂದು ಕೋತಿ ಸತ್ತಿತು. ಪೇಟ ಕಟ್ಟಿದ್ದು ನಾನೇ. ಈಗ ಕೋಲೂರಿ ನಡೆಯುವ ದೊಡ್ಡಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ನನ್ನ ಭುಜ ಹಿಡಿದುಕೊಂಡರು.

"ನಾ ಸತ್ತಾಗ ನಂಗೂ ನೀನೇ ಕಟ್ಟಬೇಕು ಕಣ್ಲಾ. ಯಾರೂ ಏಳದೇನೇ ಕಟ್ಟಿದೋನು ನೀನು. ನಿನ್ ಕೈನಾಗೆ ಸುಳ್ಳಿಲ್ಲ."

ಅವತ್ತಿನಿಂದ ಊಟ ಸೇರುತ್ತಿಲ್ಲ. ತಿಳಿಯುವ ಆಸೆಗೆ ಮಾಡಿದೆ, ಹುಡುಗುಬುದ್ಧಿ — ಇಂಥದ್ದೆಲ್ಲ ಹೇಳಬಹುದು. ಹೇಳುವುದಿಲ್ಲ. ನನ್ನನ್ನು ನಂಬಿ ಬಾಗಿಲು ದಾಟಿ ಹೋದವರಿಗೆ ನಾನು ಮೋಸ ಮಾಡಿದೆ.

ನಾಳೆ ಬೆಳಿಗ್ಗೆ ಅವರು ಕಾಫಿ ಕುಡಿದ ಮೇಲೆ ಆ ಗಾಜಿನ ಚೂರನ್ನು ಅವರ ಅಂಗೈಯಲ್ಲಿಟ್ಟು ಎಲ್ಲ ಹೇಳುತ್ತೇನೆ. ಕೋಲೆತ್ತಿದರೆ ಬೆನ್ನು ಕೊಡುತ್ತೇನೆ. ಅವರು ಜೊತೆಗೆ ಬಂದರೆ ಇಬ್ಬರೂ ಕೆರೆ ಏರಿಗೆ ಹೋಗಿ ಅದನ್ನು ಮುದುಕಪ್ಪನ ಪಕ್ಕ ಮಣ್ಣಿಗಿಡಬೇಕು — ಇಷ್ಟು ತಡವಾಗಿಯಾದರೂ, ಒಂದು ಸೀಳಿನಷ್ಟಾದರೂ ಅವನು ಇಡಿಯಾಗಲಿ. ಆಮೇಲೂ ತಮ್ಮ ತಲೆಗೆ ನಾನೇ ಪೇಟ ಕಟ್ಟಬೇಕೋ ಬೇಡವೋ, ದೊಡ್ಡಪ್ಪ ತೀರ್ಮಾನ ಮಾಡಲಿ.