ದಮ್ಮಿಲ್ಲದ ಪಿಕಪ್

೧೯೯೯ರ ಬೇಸಿಗೆಯಲ್ಲಿ ನಾನು ಬಸವನ ಬಾಗೇವಾಡಿಯ ಒಂದು ಖಾಸಗಿ ಗ್ಯಾರೇಜಿನಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಮೆಕ್ಯಾನಿಕಲ್ ಪದವಿ ಮುಗಿಸಿ ಎರಡು ವರ್ಷವಾಗಿತ್ತು. ದಿನದ ಕೆಲಸವನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ ಆಗಲೇ ಇತ್ತು. ಈ ಪ್ರಸಂಗವನ್ನು ಆ ಡೈರಿ ನೋಡಿಕೊಂಡೇ ಬರೆಯುತ್ತಿದ್ದೇನೆ. ಆದರೂ ಒಂದು ಮಾತಿನ ಮಟ್ಟಿಗೆ ಅದನ್ನು ಪೂರ್ತಿ ನಂಬಲಾರೆ.

ಶಿವಪುತ್ರಪ್ಪನವರು ಕೊಲ್ಹಾರದ ಕಡೆಯ ಹಳ್ಳಿಗಳಿಂದ ತಮ್ಮ ಹಳೆಯ ಡೀಸೆಲ್ ಪಿಕಪ್‌ನಲ್ಲಿ ಹಾಲಿನ ಕ್ಯಾನು ತುಂಬಿಕೊಂಡು ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸುತ್ತಿದ್ದರು. ಬೆಳಗಿನ ಎಂಟೂವರೆಯೊಳಗೆ ತಲುಪಬೇಕು. ಬಿಸಿಲೇರಿದರೆ ಹಾಲು ಕೆಡುತ್ತದೆ. ದಾರಿಯಲ್ಲಿನ ಏರಿನಲ್ಲಿ ಗಾಡಿ ತೆವಳತೊಡಗಿ ಆ ವಾರ ಎರಡು ಸಲ ತಡವಾಗಿತ್ತು. ಮೂರನೆಯ ಸಲ ತಡವಾದರೆ ಆ ರೂಟನ್ನು ಬೇರೆ ಗಾಡಿಗೆ ಕೊಡುವುದಾಗಿ ಕೇಂದ್ರದವರು ಹೇಳಿದ್ದರು. ಶಿವಪುತ್ರಪ್ಪನವರ ಸಂಸಾರ ನಡೆಯುತ್ತಿದ್ದದ್ದು ಆ ಒಂದು ರೂಟಿನ ಮೇಲೆ.

ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ, "ಏರಿನ್ಯಾಗ ದಮ್ಮಿಲ್ರಿ ಇದಕ್ಕ" ಎಂದರು. ಡೈರಿಯಲ್ಲಿ ಹಾಗಿದೆ. ಜಾಬ್ ಕಾರ್ಡಿನಲ್ಲಿ ನಾನು ಗ್ಯಾರೇಜಿನ ಭಾಷೆಯಲ್ಲಿ "ಪಿಕಪ್ ಕಡಿಮೆ", ಅಂದರೆ ಎಳೆಯುವ ಕಸುವು ಸಾಲದು, ಎಂದು ಬರೆದೆ.

ಏರ್ ಫಿಲ್ಟರ್ ಬಿಚ್ಚಿ ನೋಡಿದೆ, ಸ್ವಚ್ಛವಾಗಿತ್ತು. ವಾಲ್ವ್ ಸರಿಯಿದ್ದವು. ಇನ್ನುಳಿದದ್ದು ಇಂಜೆಕ್ಷನ್ ಪಂಪ್, ಅಂದರೆ ಇಂಜಿನ್ನಿಗೆ ಡೀಸೆಲನ್ನು ಅಳೆದು ಕೊಡುವ ಭಾಗ. ಅದರ ಗರಿಷ್ಠ ಮಿತಿಯನ್ನು ಕಾಯುವ ಸ್ಕ್ರೂ ಒಂದಿರುತ್ತದೆ. ಮೊದಲಿದ್ದ ಜಾಗಕ್ಕೆ ಗೀರು ಹಾಕಿಕೊಂಡು ಅದನ್ನು ಅರ್ಧ ಸುತ್ತು ತಿರುಗಿಸಿದೆ. ಹಿರಿಯ ಮೆಕ್ಯಾನಿಕ್ ಲಾಲಸಾಬ ಮಿಸ್ತ್ರಿ ಪಕ್ಕದಲ್ಲೇ ಇದ್ದರು. "ಎಣ್ಣಿ ಹೆಚ್ಚಿಗಿ ಕೊಟ್ಟ್ರಿ, ಸರಿ. ಗಾಳಿ ಎಲ್ಲಿಂದ ತರ್ತೀರಿ, ಸಾಹೇಬ್ರ?" ಎಂದರು. ಫಿಲ್ಟರ್ ನೋಡಿದ್ದೇನೆ ಎಂದೆ.

ಖಾಲಿ ಗಾಡಿಯನ್ನು ಸಪಾಟು ರಸ್ತೆಯಲ್ಲಿ ಓಡಿಸಿ ತೋರಿಸಿದೆ. "ಕುದುರಿ ಆಗೇತಲ್ರಿ!" ಎಂದು ಶಿವಪುತ್ರಪ್ಪ ಖುಷಿಯಿಂದ ಹೋದರು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಎಸ್‌ಟಿಡಿ ಬೂತಿನಿಂದ ಫೋನ್ ಬಂತು. ಗಾಡಿ ಅದೇ ಏರಿನಲ್ಲಿ ಕರಿ ಹೊಗೆ ಉಗುಳಿ, ಇಂಜಿನ್ ಬಿಸಿಯೇರಿ ನಿಂತಿತ್ತು. ಮಿಸ್ತ್ರಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ನಾವು ಮುಟ್ಟುವಷ್ಟರಲ್ಲಿ ಹಾಲಿನಿಂದ ಹುಳಿ ವಾಸನೆ ಬರುತ್ತಿತ್ತು. ಇಂಜಿನ್ ತಣ್ಣಗಾದ ಮೇಲೆ ಚಾಲೂ ಮಾಡಿಸಿ, ಶಿವಪುತ್ರಪ್ಪನವರಿಗೆ ಆಕ್ಸಿಲರೇಟರ್ ಪೂರ್ತಿ ಒತ್ತಲು ಹೇಳಿದೆ. ಬಾನೆಟ್ ಬಳಿ ನಿಂತಿದ್ದ ಮಿಸ್ತ್ರಿ ಕೂಗಿದರು: "ಇಲ್ಲಿ ಬರ್ರಿ ಸಾಹೇಬ್ರ! ಕೊಳ್ಳ ಹಿಚಕಿದಂಗ ಆಗತೈತಿ ನೋಡ್ರಿ!"

ಫಿಲ್ಟರಿನಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಒಳಗೊಳಗೇ ಮೆತ್ತಗಾಗಿತ್ತು. ಇಂಜಿನ್ ಜೋರಾಗಿ ಗಾಳಿ ಎಳೆದಾಗ ಅದು ಚಪ್ಪಟೆಯಾಗುತ್ತಿತ್ತು. ನಿಧಾನವಾದರೆ ಮತ್ತೆ ದುಂಡಗೆ. ಗಾಳಿ ಸಾಲದ ಇಂಜಿನ್ನಿಗೆ ನಾನು ಇನ್ನಷ್ಟು ಡೀಸೆಲ್ ತುರುಕಿದ್ದೆ.

ಶಿವಪುತ್ರಪ್ಪ ಕೆಳಗಿಳಿದು ಬಂದರು. "ಏರಿನ್ಯಾಗ ದಮ್ಮ ಹತ್ತತೈತಿ ಅಂತ ಬಾಯಿ ಬಿಟ್ಟ ಹೇಳಿದ್ನಲ್ರಿ. ಉಬ್ಬಸ ಬಂದವಗ ನೀವು ಹೋಳಗಿ ತಿನಿಸಿದ್ರಿ!"

ಅವರು ನಿಜವಾಗಿ ಅಂದದ್ದು "ದಮ್ಮಿಲ್ಲ" ಎಂದೋ, "ದಮ್ಮ ಹತ್ತತೈತಿ" ಎಂದೋ? ನಮ್ಮ ಕಡೆ ಕಸುವಿಗೂ ದಮ್ಮು, ಏದುಸಿರಿಗೂ ದಮ್ಮು. ನಾನು ಕೇಳಿದ್ದನ್ನು ಬರೆದೆನೋ, ಮಾಡಿದ್ದಕ್ಕೆ ಹೊಂದುವಂತೆ ರಾತ್ರಿ ಬರೆದುಕೊಂಡೆನೋ, ಹೇಳಲಾರೆ. ಯಾವ ದಮ್ಮು ಎಂದು ಕೇಳಲಿಲ್ಲ ಎಂಬುದಂತೂ ಖಾತ್ರಿ.

ಮಧ್ಯಾಹ್ನದೊಳಗೆ ಬಿಜಾಪುರದಿಂದ ಹೊಸ ಹೋಸ್ ತರಿಸಿ ಹಾಕಿದೆವು. ಸ್ಕ್ರೂ ಹಳೆಯ ಗೀರಿಗೆ ಬಂತು. ಆದರೆ ರೂಟು ಅಷ್ಟರಲ್ಲಿ ಕೈಬಿಟ್ಟು ಹೋಗಿತ್ತು. ತಪ್ಪು ಗ್ಯಾರೇಜಿನದೆಂದು ಬರೆದು, ಸಹಿ ಹಾಕಿ, ನಾನೇ ಕೇಂದ್ರಕ್ಕೆ ಒಯ್ದೆ. ಇದನ್ನು ನನ್ನ ದೊಡ್ಡತನವೆಂದು ಬಹಳ ವರ್ಷ ನೆನೆದಿದ್ದೇನೆ. ಡೈರಿಯಲ್ಲಿ ಬೇರೆ ಸಾಲಿದೆ: "ಶಿ. ಸಂಜಿತನಕ ಗ್ಯಾರೇಜಿನ ಬಾಗಿಲ ಮುಂದೆ ಕೂತಿದ್ದರು." ಅವರು ಎದ್ದು ಹೋಗಿದ್ದರೆ ಆ ಪತ್ರ ಬರೆಯುತ್ತಿದ್ದೆನೇ?

ಕೇಂದ್ರದ ಮೇಲ್ವಿಚಾರಕರು ಪತ್ರ ಓದಿ ಮಡಚಿದರು. "ಕಾಗದಲೆ ಒಡದ ಹಾಲು ಕೂಡತಾವೇನ್ರಿ? ನಾಳಿ ಒಂದ ದಿನ ನೋಡ್ತೇನಿ. ತುಂಬಿದ ಗಾಡಿ ಏರು ಹತ್ತಿಸಿ ತರ್ರಿ."

ಮರುದಿನ ನಾನೂ ಗಾಡಿಯಲ್ಲಿ ಕೂತೆ. ಏರು ಬಂದಾಗ ಶಿವಪುತ್ರಪ್ಪ ಮೂರನೇ ಗೇರಿಗೆ ಹಾಕಿ, ನನ್ನ ಕಡೆ ನೋಡದೆ, "ಈಗ ಉಸರಾಡಾಕತ್ತೇತಿ" ಎಂದರು. ಮೇಲೆ ಮುಟ್ಟುವ ತನಕ ಗೇರು ಇಳಿಸಲಿಲ್ಲ. ಎಂಟು ಇಪ್ಪತ್ತಕ್ಕೆ ಕೇಂದ್ರದ ಗೇಟು ದಾಟಿದೆವು. ಮೇಲ್ವಿಚಾರಕರು ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಕೊನೆಯದನ್ನು ಮುಚ್ಚಿ, "ಲಗೂನ ಇಳಸ್ರಿ. ನಾಳಿನೂ ಇದ ಹೊತ್ತಿಗೆ ಬರಬೇಕ ಮತ್ತ" ಎಂದರು.

ಆಮೇಲೆ ಮೂವತ್ತಕ್ಕೂ ಹೆಚ್ಚು ಹಳೆಯ ಡೀಸೆಲ್ ಗಾಡಿಗಳು ಇದೇ ದೂರು ಹೊತ್ತು ಬಂದಿರಬೇಕು, ಲೆಕ್ಕ ಇಟ್ಟಿಲ್ಲ. ಪ್ರತಿಯೊಂದರಲ್ಲೂ ಮೊದಲು ಮಾಲೀಕರ ಪಕ್ಕ ಕೂತು, ಹೇರು ಸಮೇತ, ಅವರು ಹೇಳಿದ ಏರನ್ನು ಹತ್ತಿ ಬಂದೆ. ಸ್ಪ್ಯಾನರ್ ಹಿಡಿದದ್ದು ವಾಪಸು ಬಂದ ಮೇಲೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬೇಕಿದ್ದದ್ದು ಹೊಸ ಕಸುವಲ್ಲ. ಇದ್ದ ಕಸುವಿಗೆ ಅಡ್ಡ ಬಂದದ್ದನ್ನು ತೆಗೆದರೆ ಸಾಕಾಗುತ್ತಿತ್ತು.